ಕೇಳಿಸಿಕೊಂಡೇ ಹೂಂ ಅಂದೆ

ಒಂದು ಹೊತ್ತಿಗೆ ಒಂದೇ ಕೆಲಸ ಮಾಡುವವರನ್ನು ಕಂಡರೆ ನನಗೆ ಮೊದಲಿನಿಂದಲೂ ಮರುಕ. ಊಟಕ್ಕೆ ಕುಳಿತರೆ ಊಟವನ್ನಷ್ಟೇ ಮಾಡುತ್ತಾರೆ, ಪೇಪರು ಹಿಡಿದರೆ ಪೇಪರನ್ನಷ್ಟೇ ಓದುತ್ತಾರೆ. ದೇವರು ಕೊಟ್ಟ ಉಳಿದ ಕಣ್ಣು, ಕಿವಿ, ಕೈಗಳನ್ನು ಯಾವ ಕಪಾಟಿನಲ್ಲಿಟ್ಟಿರುತ್ತಾರೋ ಗೊತ್ತಿಲ್ಲ. ನಾನು ಹಾಗಲ್ಲ. ಹುನಗುಂದದ ಹೈಸ್ಕೂಲೊಂದರಲ್ಲಿ ಗಣಿತ ಕಲಿಸುವವನು. ಬೋರ್ಡಿನ ಮೇಲೆ ಪ್ರಮೇಯ ಬರೆಯುತ್ತಲೇ ಹಿಂದಿನ ಬೆಂಚಿನಲ್ಲಿ ಯಾರು ಶೇಂಗಾ ತಿನ್ನುತ್ತಿದ್ದಾರೆಂದು ಬೆನ್ನಿನಿಂದಲೇ ಹೇಳಬಲ್ಲೆ. ಬಾಗಲಕೋಟೆಯ ನವನಗರದಿಂದ ದಿನಾ ಕಾರು ಹೊಡೆದುಕೊಂಡು ಹೋಗುವಾಗ ರಸ್ತೆ ನೋಡುತ್ತೇನೆ, ಎದುರಾದ ಪರಿಚಯದವರಿಗೆ ಕೈ ಎತ್ತುತ್ತೇನೆ, ಪಕ್ಕದಲ್ಲಿ ಕುಳಿತ ಹೆಂಡತಿಯ ಮಾತಿಗೆ ತಪ್ಪದೆ ಹೂಂಗುಟ್ಟುತ್ತೇನೆ. ಅವಳು, ಶಾಂತಾ, ಅಮೀನಗಡದ ಶಾಲೆಯಲ್ಲಿ ಶಿಕ್ಷಕಿ, ದಾರಿಯಲ್ಲಿ ಇಳಿದುಕೊಳ್ಳುತ್ತಾಳೆ. ಕಾರು ಕಲಿತು ಲೈಸೆನ್ಸನ್ನೂ ತೆಗೆದುಕೊಂಡಿದ್ದಾಳೆ. ಆದರೆ ಸ್ಟೇರಿಂಗ್ ಮಾತ್ರ ನಾನು ಬಿಟ್ಟುಕೊಟ್ಟಿರಲಿಲ್ಲ. ಗಾಡಿ ಹೊಡೆಯುವುದು ಮತ್ತು ನನ್ನ ಸಲಹೆ ಕೇಳುವುದು, ಈ ಎರಡನ್ನೂ ಒಟ್ಟಿಗೆ ಮಾಡುವುದು ಅವಳಿಂದ ಆಗುವುದಿಲ್ಲ ಎಂಬುದು ನನ್ನ ಖಚಿತ ಅಭಿಪ್ರಾಯ.

ಹೂಂ ಅನ್ನುವುದನ್ನು ಹಗುರವಾಗಿ ತಿಳಿಯಬೇಡಿ. ನಮ್ಮ ಕಡೆ ಅದೊಂದು ಸಂಸ್ಕಾರ. ಬೇವೂರಿನಲ್ಲಿ ಅಜ್ಜಿ ಕತೆ ಹೇಳುವಾಗ ಹೂಂ ಅನ್ನದಿದ್ದರೆ ರಾಜಕುಮಾರ ಕುದುರೆಯ ಮೇಲೆಯೇ ನಿಂತುಬಿಡುತ್ತಿದ್ದ. ಅವನನ್ನು ಮುಂದೆ ಸಾಗಿಸಲಿಕ್ಕಾಗಿ ನಾವು ನಿದ್ದೆಯಲ್ಲೂ ಹೂಂಗುಟ್ಟುವುದನ್ನು ಕಲಿತೆವು. ನಮ್ಮಪ್ಪನಂತೂ ಎತ್ತಿನ ಚಕ್ಕಡಿ ಹೊಡೆಯುತ್ತಲೇ ಗೊರಕೆ ಹೊಡೆಯುತ್ತ ಮನೆಯ ಬಾಗಿಲಿಗೆ ಬಂದು ನಿಲ್ಲುತ್ತಿದ್ದ. ಇಂಥ ಮನೆತನದವನಿಗೆ ಪಾಠ ಹೇಳಲು ಬಂದವಳು ನನ್ನ ಅಕ್ಕನ ಮಗಳು ಪಲ್ಲವಿ.

ಗಾಡಿ ಹೊಡೆಯುವವರ ಗಮನ ಹೇಗೆ ಚದುರುತ್ತದೆ ಎಂಬುದು ಅವಳ ಸಂಶೋಧನೆ. ಕಂಪ್ಯೂಟರಿನೊಳಗೆ ಮನುಷ್ಯನ ಮನಸ್ಸಿನ ಮಾದರಿಯೊಂದನ್ನು ಕಟ್ಟಿ, ಅದರ ಕೈಗೆ ಕಾರು ಕೊಟ್ಟು, ನಡುವೆ ಏನಾದರೂ ಪ್ರಶ್ನೆ ಕೇಳಿ, ಅದು ಎಲ್ಲಿ ಎಡವುತ್ತದೆಂದು ನೋಡುತ್ತಾಳಂತೆ. ಎಡವುವವರೇ ಬೇಕಾಗಿದ್ದರೆ ಅಷ್ಟೆಲ್ಲ ಕಷ್ಟಪಟ್ಟು ಕಟ್ಟಬೇಕಾಗಿರಲಿಲ್ಲ, ನಮ್ಮ ಸ್ಟಾಫ್ ರೂಮಿಗೆ ಬಂದಿದ್ದರೆ ಸಾಕಾಗಿತ್ತು. ರಜೆಗೆ ಬಂದವಳು ಚಹಾ ಕುಡಿಯುತ್ತ ವಿವರಿಸಿದಳು:

"ಮನಸು ಅಂದ್ರ ಒಂದ ಬಾಗಲಾ ಇರೂ ಬಸ್ ಇದ್ದಂಗ ಮಾಮಾ. ಕಣ್ಣಿಂದ ಬಂದದ್ದು, ಕಿವಿಯಿಂದ ಬಂದದ್ದು ಎಲ್ಲಾ ಅಲ್ಲೇ ಪಾಳಿ ಹಚ್ಚಬೇಕು. ಒಂದು ಸಲಕ್ಕ ಒಬ್ರ ಏರಾಕ ಬರ್ತೈತಿ."

"ನಮ್ಮ ಕಡೆ ಬಸ್ ನೀ ನೋಡಿಲ್ಲೇನವಾ? ಕಿಟಕ್ಯಾಗಿಂದ ಟವೆಲ್ ಒಗದು ಸೀಟ್ ಹಿಡೀತೇವಿ ನಾವು!"

"ಸೀಟಿನ ಮ್ಯಾಲೆ ಟವೆಲ್ ಇರ್ತೈತಿ ಮಾಮಾ, ಮನಷ್ಯಾ ಇರೂದಿಲ್ಲ. ನಿಮ್ಮ ಹೂಂ ಹಂಗ."

ಶಾಂತಾ ಬಿದ್ದು ಬಿದ್ದು ನಕ್ಕಳು. ನನಗೆ ಸಿಟ್ಟು ಬಂತು. ಬೇಕಾದರೆ ನಾಳೆಯೇ ನನ್ನ ಗಾಡಿಯಲ್ಲಿ ಕುಳಿತು ಪರೀಕ್ಷೆ ಮಾಡು ಎಂದು ಸವಾಲು ಹಾಕಿದೆ. ಮರುದಿನ ಬೆಳಿಗ್ಗೆ ಅವಳು ಹಿಂದಿನ ಸೀಟಿನಲ್ಲಿ ಕುಳಿತು ಮುಂದೊಂದು ಕ್ಯಾಮರಾ ಸಿಕ್ಕಿಸಿದಳು. ಕಮತಗಿ ದಾಟಿದ ಮೇಲೆ ಕಬ್ಬಿನ ಟ್ರ್ಯಾಕ್ಟರೊಂದು ಎರಡು ಟ್ರೇಲರ್ ಎಳೆದುಕೊಂಡು, ಹಾಡು ಹಚ್ಚಿಕೊಂಡು ರಸ್ತೆಯ ನಟ್ಟನಡುವೆ ಹೊರಟಿತ್ತು. ನಾನು ಹಾರನ್ ಹೊಡೆದು, ಎದುರಿನ ಬಸ್ಸಿಗೆ ದಾರಿ ಬಿಟ್ಟು, ಸಮಯ ನೋಡಿ ಅದನ್ನು ಹಿಂದೆ ಹಾಕಿದೆ. ಕೂದಲೂ ಕೊಂಕಲಿಲ್ಲ. ಶಾಂತಾ ಏನೋ ಹೇಳುತ್ತಿದ್ದಳು, ನಾನು ವಾಡಿಕೆಯಂತೆ ಹೂಂಗುಟ್ಟುತ್ತಿದ್ದೆ. ಗೆದ್ದೆ ಎಂದುಕೊಂಡೆ.

ಸಂಜೆ ಪಲ್ಲವಿ ಲ್ಯಾಪ್‌ಟಾಪ್ ತೆರೆದು ಟ್ರ್ಯಾಕ್ಟರ್ ದಾಟಿದ ಹೊತ್ತಿನ ವಿಡಿಯೋ ಹಚ್ಚಿದಳು. ಹಾರನ್ನಿನ ನಡುವೆ ಶಾಂತಾಳ ದನಿ ಸ್ಪಷ್ಟವಾಗಿತ್ತು.

"ಏನ್ರಿ, ನಾಳಿಂದ ಗಾಡಿ ನಾನ ಹೊಡೀಲೇನು?"

"ಹೂಂ."

"ದಿನಾ?"

"ಹೂಂ ಹೂಂ."

"ನೀವು ಬಾಜೂಕ ಸುಮ್ಮ ಕುಂದರ್ತೀರಿ?"

"ಹೂಂ ಅಂದ್ನೆಲ್ಲ!"

ಇಬ್ಬರೂ ಮೊದಲೇ ಮಾತಾಡಿಕೊಂಡಿದ್ದರು. ಶುದ್ಧ ಪಿತೂರಿ. ಪಲ್ಲವಿ ಶಾಂತವಾಗಿ ಹೇಳಿದಳು, "ಎರಡ ದಾರಿ ಅದಾವ ಮಾಮಾ. ಕೇಳಿಸಲಿಲ್ಲ ಅನ್ರಿ, ನನ್ನ ಮಾದರಿ ಖರೆ ಆತು. ಕೇಳಿಸ್ತು ಅನ್ರಿ, ಕೀಲಿ ಅತ್ತಿ ಕೈಯಾಗ ಕೊಡ್ರಿ."

ಕೇಳಿಸಲಿಲ್ಲ ಎಂದು ಹೇಳಿ ಗಾಡಿಯನ್ನು ಉಳಿಸಿಕೊಳ್ಳಬಹುದಿತ್ತು. ಬಾಯಿ ತೆರೆದೂ ಇದ್ದೆ. ಅಷ್ಟರಲ್ಲಿ ಶಾಂತಾ ಕೇಳಿದಳು, "ಹಂಗಾರ ಲಗ್ನ ಆದಾಗಿಂದ ನೀವು ಅಂದ ಹೂಂ ಎಲ್ಲಾ ಹಿಂಗ ಏನ್ರಿ?" ಅವಳು ನಗುತ್ತಿರಲಿಲ್ಲ. ತವರಿಗೆ ಹೋಗಿ ಬರಲೇ ಎಂದಾಗ, ಮತ್ತೆ ಓದಿ ಪರೀಕ್ಷೆಗೆ ಕಟ್ಟಲೇ ಎಂದಾಗ, ತಲೆನೋವು ಎಂದಾಗ, ಎಲ್ಲದಕ್ಕೂ ಅಂದ ಹೂಂಗಳು ಒಂದೇ ಸಲಕ್ಕೆ ಬಂದು ಎದುರು ನಿಂತವು. ಅವುಗಳಲ್ಲಿ ಯಾವುದು ಮನುಷ್ಯ, ಯಾವುದು ಟವೆಲ್ ಎಂದು ನನಗೂ ಗೊತ್ತಿರಲಿಲ್ಲ. ಆದರೆ ಅದನ್ನು ಒಬ್ಬ ಸಂಶೋಧಕಿಯ ಎದುರು ಒಪ್ಪಿಕೊಳ್ಳುವ ಜಾಯಮಾನ ನನ್ನದಲ್ಲ. ಎದ್ದು ನಿಂತೆ.

"ಕೇಳಿಸೇತಿ! ಅಕ್ಷರ ಅಕ್ಷರ ಕೇಳಿಸೇತಿ. ವಿಚಾರ ಮಾಡೇ ಹೂಂ ಅಂದೇನಿ. ತಗೋ ಕೀಲಿ!"

ಹೀಗೆ, ಎರಡು ಕೆಲಸ ಒಟ್ಟಿಗೆ ಮಾಡಬಲ್ಲೆ ಎಂದು ಸಾಧಿಸುವ ಸಲುವಾಗಿ ನಾನು ಇದ್ದ ಒಂದು ಕೆಲಸವನ್ನೂ ಕಳೆದುಕೊಂಡೆ. ಸೋತೆ ಎಂದು ಮಾತ್ರ ಯಾರೂ ಹೇಳಬಾರದು. ವಾದದಲ್ಲಿ ಗೆದ್ದವನು ನಾನೇ. ಎಡಗಡೆಯ ಸೀಟಿನಲ್ಲಿ ಕುಳಿತು ಗೆದ್ದಿದ್ದೇನೆ, ಅಷ್ಟೇ.

ಕಳೆದ ಭಾನುವಾರ ಇಬ್ಬರೇ ಬಾದಾಮಿಗೆ ಹೊರಟೆವು. ಶಾಂತಾ ಚೆನ್ನಾಗಿಯೇ ಹೊಡೆಯುತ್ತಿದ್ದಳು. ಗೇರ್ ಬದಲಿಸುತ್ತ, ಕುರಿಹಿಂಡು ತಪ್ಪಿಸುತ್ತ, ಒಂದೇ ಸಮನೆ ಮಾತಾಡುತ್ತಿದ್ದಳು. ನನಗೆ ಕೇಳುವುದೊಂದನ್ನು ಬಿಟ್ಟರೆ ಬೇರೆ ಕೆಲಸವೇ ಇರಲಿಲ್ಲ. ಇದ್ದಕ್ಕಿದ್ದಂತೆ ಅವಳು, "ಹೌದು, ಈಗ ನಾ ಏನಂದೆ ಹೇಳ್ರಿ ನೋಡೂಣು?" ಎಂದಳು.

ಏನಂದಿದ್ದಳು? ಆ ಕುರಿಹಿಂಡು ಎದುರಾದಾಗಿನಿಂದಲೂ ನಾನು ನನ್ನ ಕಾಲ ಕೆಳಗೆ ಇಲ್ಲದ ಬ್ರೇಕನ್ನು ಜೀವ ಬಿಟ್ಟು ಒತ್ತುತ್ತ ಕುಳಿತಿದ್ದೆ. ಆದರೂ ದನಿ ತಗ್ಗಿಸಲಿಲ್ಲ.

"ಮದಲ ಮುಂದ ನೋಡು! ಗಾಡಿ ಹೊಡಿಯೋ ಮುಂದ ಮಾತಾಡಬಾರದು. ಬೇಕಾದ್ರ ಪಲ್ಲವಿನ್ನ ಕೇಳು!"