ಮಾವನಿಗೆ ಹಿಂದಿನ ಸೀಟು

ಅಂದಿನ ರಾದ್ಧಾಂತಕ್ಕೆಲ್ಲ ಕಾರಣ ಹೆಬ್ಬೆರಳು ಮುಳುಗದಷ್ಟು ಚಿಕ್ಕ ಬಟ್ಟಲಿನ ಸಾರಾಯಿ. ಕುವಾಂಗ್ ಅದನ್ನು ಕೇಳಿರಲಿಲ್ಲ. ಹೆಂಡತಿಯ ತಮ್ಮ ಮಿನ್ ದಾಲಿ, ಜಿಯಾನ್ಲಿ ಎಂಬ ಊರಿನಿಂದ ಮದುವೆಗೆ ಬಂದವನು, ಬರುವಾಗ ತನ್ನೂರಿನ ಪದ್ಧತಿಯನ್ನೂ ಕಂಕುಳಲ್ಲಿ ಇಟ್ಟುಕೊಂಡು ಬಂದಿದ್ದ. ಆ ಕಡೆಯವರಿಗೆ ಬೆಳಗಿನ ನೂಡಲ್ಸ್ ಜೊತೆ ಸಾರಾಯಿ ಇಲ್ಲದಿದ್ದರೆ ಬೆಳಗಾದ ಲೆಕ್ಕವೇ ಅಲ್ಲ.

"ಕುಡೀರಿ ಭಾವ. ಮಗನ ಮದುವೆ ದಿನ ಬೇಡ ಅಂದ್ರೆ ನನ್ನ ಮರ್ಯಾದೆ ಏನಾಗ್ಬೇಕು?"

"ಗಾಡಿ ಓಡಿಸ್ಬೇಕು ಕಣೋ ಮಾರಾಯ. ಸೊಸೇನ ಕರ್ಕೊಂಡು ಬರಬೇಕು."

"ಒಂದೇ ಒಂದು ಗುಟುಕು! ಗಾಡಿಗೇನು ವಾಸನೆ ಬರುತ್ತಾ?"

ಇವನ ಬಾಯಿ ಮುಚ್ಚಿದರೆ ಸಾಕೆಂದು ಕುವಾಂಗ್ ಕುಡಿದುಬಿಟ್ಟ. ಗಾಡಿಗೆ ವಾಸನೆ ಬರಲಿಲ್ಲ, ಹೆಂಡತಿ ಗ್ವಿಲಾನಳಿಗೆ ಬಂತು.

ವುಹಾನಿನ ಆ ಹಳೇ ಗಲ್ಲಿಯಲ್ಲಿ ಮದುಮಗಳನ್ನು ಮನೆತುಂಬಿಸಿಕೊಳ್ಳುವುದೆಂದರೆ ಕುವಾಂಗನ ಟ್ಯಾಕ್ಸಿಯೇ ಆಗಬೇಕಿತ್ತು. ಉಳಿದ ಬಾಡಿಗೆಯನ್ನೆಲ್ಲ ಡ್ರೈವರಿಲ್ಲದ ಕಾರುಗಳು ಒಂದೊಂದಾಗಿ ನುಂಗಿದ್ದವು. ಆಫೀಸಿಗೆ ಹೋಗುವವರು, ಸ್ಟೇಷನ್ನಿಗೆ ಹೋಗುವವರು, ಕೊನೆಗೆ ಮಂಡಿನೋವಿನ ಮುದುಕರು ಕೂಡ ಫೋನು ಒತ್ತಿ ಅವನ್ನೇ ಕರೆಯುತ್ತಿದ್ದರು. ಕುವಾಂಗನಿಗೆ ಮಿಕ್ಕಿದ್ದು ಮದುವೆ ಮಾತ್ರ. "ಅವು ಆಫೀಸಿಗೆ ಹೋಗ್ಲಿ, ಆಸ್ಪತ್ರೆಗೆ ಹೋಗ್ಲಿ. ಮದುವೆ ಗಾಡಿಗೆ ಮಾತ್ರ ಮನುಷ್ಯನೇ ಬೇಕು" ಎಂದು ನೂಡಲ್ಸ್ ಅಂಗಡಿಯ ಮುಂದೆ ಅವನು ಹೇಳದ ದಿನವಿಲ್ಲ. ಗಲ್ಲಿಯ ಸೊಸೆಯಂದಿರನ್ನೆಲ್ಲ ತಂದಿಳಿಸಿದವನು ತನ್ನ ಸ್ವಂತ ಸೊಸೆಯನ್ನು ತರುವ ದಿನಕ್ಕಾಗಿ ವರ್ಷಗಟ್ಟಲೆ ಕಾದಿದ್ದ. ಟ್ಯಾಕ್ಸಿಯನ್ನು ಹಿಂದಿನ ದಿನವೇ ತೊಳೆದು, ಒರೆಸಿ, ಮತ್ತೆ ತೊಳೆದಿದ್ದ.

"ಕೀಲಿಕೈ ಕೊಡಿ ಇಲ್ಲಿ" ಎಂದಳು ಗ್ವಿಲಾನ್.

"ಒಂದು ಗುಟುಕು ಕಣೇ."

"ಪೊಲೀಸರು ಆ ಕೊಳವೆ ಊದಿಸಿದಾಗ ಅವರಿಗೂ ಹಾಗೇ ಹೇಳಿ. ಮದುಮಗಳನ್ನ ಠಾಣೆಯಲ್ಲಿ ಮನೆತುಂಬಿಸ್ಕೊಳ್ಳೋಣ."

ಬೇರೆ ಯಾರಾದರೂ ಓಡಿಸಲಿ ಎಂದರೆ, ಗಲ್ಲಿಯಲ್ಲಿ ಕಾರು ಬಲ್ಲವರೆಲ್ಲ ದಾಲಿಯ ಬಾಟಲಿಗೆ ಆಗಲೇ ಶರಣಾಗಿದ್ದರು. ಬೇರೆ ಟ್ಯಾಕ್ಸಿ ಕರೆಯೋಣವೆಂದರೆ ಪಂಚಾಂಗದಲ್ಲಿ ಅಂದು ಭಾರಿ ಒಳ್ಳೆಯ ದಿನ, ಊರಿನ ಟ್ಯಾಕ್ಸಿಗಳಿಗೆಲ್ಲ ಯಾವುದಾದರೊಂದು ಮದುವೆಯ ಕೆಂಪು ಹೂ ಬಿದ್ದಿತ್ತು. ಮದುಮಗಳು ಮಧ್ಯಾಹ್ನದೊಳಗೆ ಹೊಸಿಲು ದಾಟಲೇಬೇಕು. ದಾಟದಿದ್ದರೆ ಮಧ್ಯಾಹ್ನದ ಮೇಲೆ ಮನೆತುಂಬುವ ಎರಡನೇ ಮದುವೆಯವಳ ಹಾಗಾಯಿತು ಎಂದು ಬೀಗಿತ್ತಿ ಜನ್ಮಪೂರ್ತಿ ಆಡಿಕೊಳ್ಳುತ್ತಾಳೆ.

"ಅಪ್ಪಾ, ನಾನು ಕರೆಸಿಬಿಟ್ಟೆ" ಎಂದ ಮಗ ಚೆಂಗ್‌ಯು, ಫೋನನ್ನು ಸೂಟಿನ ಜೇಬಿಗೆ ಇಳಿಸುತ್ತ.

ಏನನ್ನು ಕರೆಸಿದೆ ಎಂದು ಕುವಾಂಗ್ ಕೇಳುವ ಮೊದಲೇ ಬೆಳ್ಳನೆಯ ಕಾರೊಂದು ಸದ್ದಿಲ್ಲದೆ ಬಂದು ಅವನ ಟ್ಯಾಕ್ಸಿಯ ಪಕ್ಕದಲ್ಲೇ ನಿಂತಿತು. ಡ್ರೈವರಿನ ಸೀಟಿನಲ್ಲಿ ಯಾರೂ ಇರಲಿಲ್ಲ.

ಪಕ್ಕದ ಮನೆಯ ತೂ ಅಜ್ಜಿಗೆ ಹಿಗ್ಗೋ ಹಿಗ್ಗು. ಕುವಾಂಗನ ಟ್ಯಾಕ್ಸಿಗೆ ಕಟ್ಟಿದ್ದ ದೊಡ್ಡ ಕೆಂಪು ಹೂವನ್ನು ಬಿಚ್ಚಿ ಹೊಸ ಕಾರಿನ ನೆತ್ತಿಗೆ ಬಿಗಿದಳು.

"ಕ್ಷಮಿಸಿ. ನನಗೆ ದಾರಿ ಕಾಣಿಸುತ್ತಿಲ್ಲ" ಎಂದಿತು ಕಾರಿನೊಳಗಿನ ಹೆಣ್ಣುದನಿ.

"ಅಯ್ಯೋ, ಕಣ್ಣು ನೆತ್ತಿ ಮೇಲಿದೆ ಇದಕ್ಕೆ!" ಎಂದು ಅಜ್ಜಿ ಹೂ ಬಿಚ್ಚಿ ಬಾಗಿಲಿಗೆ ಸಿಕ್ಕಿಸಿದಳು. ಕಾರನ್ನು ಅಲಂಕರಿಸಲಾಗದ ಬೇಜಾರನ್ನು ಕುವಾಂಗನ ಮೇಲೆ ತೀರಿಸಿಕೊಂಡಳು. ಸೊಸೆ ತರುವ ದಿನ ಮಾವನ ಮುಖಕ್ಕೆ ಮಸಿ ಬಳಿದು ಚೂಪು ಟೋಪಿ ಹಾಕಿ ನಗುವುದು ಗಲ್ಲಿಯ ರೂಢಿ. ಸ್ಟೀರಿಂಗ್ ಹಿಡಿದು ಗತ್ತಿನಿಂದ ಕೂರುವವನಿಗೆ ಒಂದು ಬೊಟ್ಟು ಸಾಕೆಂದುಕೊಂಡಿದ್ದರು, ಹಿಂದೆ ಕೂರುವವನಿಗೆ ಇಡೀ ಬಾಣಲೆಯ ಮಸಿ ಸಿಕ್ಕಿತು.

ಮದುಮಗಳ ಮನೆಗೆ ಹೋಗುವಾಗ ಏನೂ ತೊಂದರೆಯಾಗಲಿಲ್ಲ. ಅದೇ ಕುವಾಂಗನಿಗೆ ಇನ್ನೊಂದು ಹೊಟ್ಟೆಯುರಿ. ಕಾರು ತಿರುವಿನಲ್ಲಿ ಜೋಲಿ ಹೊಡೆಯಲಿಲ್ಲ, ಸಿಗ್ನಲ್ಲು ಹಾರಲಿಲ್ಲ, ಯಾರನ್ನೂ ಬೈಯಲಿಲ್ಲ. "ಇದೂ ಒಂದು ಓಡಿಸೋದಾ? ಇದಕ್ಕಿಂತ ಹೆಣ ಹೊರೋರು ಜೋರಾಗಿ ಹೋಗ್ತಾರೆ" ಎಂದು ಮುದ್ದಾಂ ಮಗನಿಗೆ ಕೇಳುವಂತೆ ಗೊಣಗಿದ.

ಮುಂದೆ ಯಾರೂ ಕೂರುವ ಹಾಗಿರಲಿಲ್ಲವಾದ್ದರಿಂದ ಬರುವಾಗ ಹಿಂದಿನ ಸೀಟಿನಲ್ಲಿ ಒಂದು ಕಡೆ ಚೆಂಗ್‌ಯು, ಇನ್ನೊಂದು ಕಡೆ ಕೆಂಪು ರೇಷ್ಮೆಯ ಸೊಸೆ ಝಿಲಿಂಗ್. ನಡುವೆ, ಚೂಪು ಟೋಪಿ ಕಾರಿನ ಸೂರಿಗೆ ತಾಗಿ ಸೊಟ್ಟಗಾಗಿದ್ದ ಕುವಾಂಗ್. ಮಡಿಲಲ್ಲಿ ಮಿಠಾಯಿ, ಸಿಗರೇಟು, ಕೆಂಪು ಲಕೋಟೆ ತುಂಬಿದ ಚೀಲ. ಮನೆಯ ಹಿಂದಿನ ಮಾರ್ಕೆಟ್ ಬೀದಿಗೆ ಬಂದದ್ದೇ ತಡ, ಮೀನು ಮಾರುವ ಪಾನ್ ಕೈ ಅಗಲಿಸಿ ಕಾರಿಗೆ ಅಡ್ಡ ನಿಂತ.

ಮದುವೆ ಗಾಡಿ ತಡೆದು ಕಾಣಿಕೆ ಕೇಳುವುದು ಎಲ್ಲರಿಗೂ ಗೊತ್ತಿದ್ದ ಆಟವೇ. ಕುವಾಂಗ್ ಓಡಿಸುವಾಗ ಅದಕ್ಕೊಂದು ಲಯವಿತ್ತು. ಹಾರ್ನು ಹೊಡೆಯಬೇಕು, ನಾಲ್ಕು ಬೈಗುಳ ಬಿಡಬೇಕು, ಒಂದು ಲಕೋಟೆ ಎಸೆದು ಬಂಪರನ್ನು ಮೊಣಕಾಲಿಗೆ ತಾಗಿಸಿದಂತೆ ಮಾಡಬೇಕು. ಜನ ಚೀರುತ್ತ ನಗುತ್ತ ಸರಿಯುತ್ತಿದ್ದರು. ಈ ಕಾರು ಮಾತ್ರ ಪಾನ್‌ನನ್ನು ಕಂಡದ್ದೇ ಕಲ್ಲಾಯಿತು.

"ಮುಂದೆ ಪಾದಚಾರಿ ಇದ್ದಾರೆ. ಕಾಯುತ್ತಿದ್ದೇನೆ."

ಪಾನ್‌ಗೆ ಲಕೋಟೆ ಕೊಟ್ಟದ್ದಾಯಿತು. ಅವನು ಸರಿದ, ತೋಫು ಮಾರುವವಳು ನಿಂತಳು. ಅವಳು ಸರಿದರೆ ಅವಳ ಅತ್ತೆ. ಈ ಕಾರು ಹೆದರಿಸುವುದಿಲ್ಲ, ಎಲ್ಲಿಯವರೆಗೆ ನಿಂತರೂ ಅಲ್ಲಿಯವರೆಗೆ ಕಾಯುತ್ತದೆ ಎಂಬ ಸುದ್ದಿ ಬೀದಿಯ ಆ ತುದಿ ಮುಟ್ಟಿತು. ತರಕಾರಿ ಕೊಳ್ಳಲು ಬಂದವರು ಬುಟ್ಟಿ ಕೆಳಗಿಟ್ಟು ಸಾಲಿಗೆ ಬಂದರು. ಪಾನ್ ಏಪ್ರನ್ ಬಿಚ್ಚಿ, ಹೊಸಬನ ಹಾಗೆ ಮತ್ತೆ ಬಂದು ನಿಂತ.

"ನಿಂಗೆ ಆಗ್ಲೇ ಕೊಟ್ಟಿದೀನಲ್ಲೋ ಕಳ್ಳ!"

"ಅದು ಮದುಮಗನ ಲೆಕ್ಕ ಕುವಾಂಗಣ್ಣ. ಇದು ಮದುಮಗಳದ್ದು."

"ಹಾರ್ನ್ ಹೊಡಿಯೇ! ಬೈಯೇ ಅವನ್ನ!" ಎಂದು ಕುವಾಂಗ್ ಕಾರಿಗೆ ಕಿರುಚಿದ.

"ನಿಮ್ಮ ತಾಳ್ಮೆಗೆ ಧನ್ಯವಾದ" ಎಂದಿತು ಕಾರು.

ಝಿಲಿಂಗ್ ಬಿಕ್ಕಳಿಸುವ ಹಾಗಿದ್ದಳು. "ಮಾವ, ಇಳಿದು ನಡೆದುಬಿಡೋಣ್ವಾ?"

"ಕಾಲು ಕೆಳಗಿಟ್ಟೀಯಾ ತಾಯಿ, ಮನೆ ಮುಟ್ಟೋವರೆಗೂ ನಿನ್ನ ಕಾಲು ನೆಲ ತಾಗಬಾರದು! ಹೊತ್ತುಕೊಂಡು ಹೋಗೋಣ ಅಂದ್ರೆ ನನ್ನ ಮಗ ಅಕ್ಕಿ ಮೂಟೆ ಎತ್ತಿದವನಲ್ಲ."

ಚೆಂಗ್‌ಯು ಕಿಟಕಿಯ ಕಡೆ ಮುಖ ಮಾಡಿದ. ಬಿಸಿಲು ಆಗಲೇ ನೆತ್ತಿಗೆ ಏರುತ್ತಿತ್ತು. ಕುವಾಂಗನ ಪಿತ್ತವೂ ಅಲ್ಲಿಗೇ ಏರಿತು. ಚೀಲ ಹೆಗಲಿಗೇರಿಸಿ, ಮಗನನ್ನು ದಾಟಿ ಇಳಿದು, ಬಾಗಿಲು ಬಡಿದು, ಕಾರಿನ ಮುಂದೆ ನಿಂತು, ಎರಡೂ ಕೈ ಬೀಸಿ ಜನರನ್ನು ಅಟ್ಟಿದ. ಕರಿ ಮುಖ, ಸೊಟ್ಟ ಟೋಪಿ ಕಂಡು ನಿಜವಾಗಿಯೂ ನಾಲ್ಕು ಜನ ಹಿಂದೆ ಸರಿದರು. ಕಾರು ಮಾತ್ರ ಅಲ್ಲಾಡಲಿಲ್ಲ.

"ಮುಂದೆ ಪಾದಚಾರಿ ಇದ್ದಾರೆ. ಕಾಯುತ್ತಿದ್ದೇನೆ."

"ಅಪ್ಪಾ, ಅದು ಹೇಳ್ತಿರೋದು ನಿಮ್ಮನ್ನೇ!" ಎಂದು ಚೆಂಗ್‌ಯು ಒಳಗಿಂದ ಕೂಗಿದ.

ಕುವಾಂಗ್ ಹೆಗಲಿನ ಚೀಲ ಕೈಗೆ ತೆಗೆದುಕೊಂಡ. ಅದನ್ನು ತಲೆಕೆಳಗು ಮಾಡಿ, ಮಿಕ್ಕ ಮಿಠಾಯಿ, ಲಕೋಟೆ, ಸಿಗರೇಟು ಅಷ್ಟನ್ನೂ ಪಾನ್‌ನ ಮೀನಂಗಡಿಯ ಕಡೆ ಎಸೆದು ತಾನೂ ಆ ಕಡೆಗೇ ಹಾರಿದ. ಇಡೀ ಬೀದಿ ಅವನ ಮೇಲೆ ಬಿತ್ತು. ದಾರಿ ತೆರವಾಯಿತು. ಕಾರು ಒಂದು ಕ್ಷಣವೂ ಕಾಯದೆ, ಮದುಮಕ್ಕಳನ್ನು ಕರೆದುಕೊಂಡು, ಮಾವನನ್ನು ಮೀನಿನ ತೊಟ್ಟಿಯ ಪಕ್ಕ ಬಿಟ್ಟು ಹೊರಟೇಹೋಯಿತು.

ಕುವಾಂಗ್ ಏದುಸಿರು ಬಿಡುತ್ತ ಮನೆ ಮುಟ್ಟುವ ಹೊತ್ತಿಗೆ ಝಿಲಿಂಗ್ ಹೊಸಿಲು ದಾಟಿಯಾಗಿತ್ತು. ಮಧ್ಯಾಹ್ನವಾಗಲು ಇನ್ನೂ ಚೂರು ಸಮಯವಿತ್ತು. ಸೊಸೆ ಎರಡೂ ಕೈಯಲ್ಲಿ ಟೀ ಹಿಡಿದು ಬಂದು, ಮೊದಲ ಸಲ "ಅಪ್ಪಾ" ಎಂದಳು. ಮೈಯಿಂದ ಮೀನು ನಾರುತ್ತಿದ್ದರೂ ಕುವಾಂಗನ ಕಣ್ಣು ತುಂಬಿತು. ಹೋಗಲಿ, ಆ ಯಂತ್ರದ ಹಣೆಬರಹವನ್ನು ಇವತ್ತು ಊರೆಲ್ಲ ನೋಡಿತಲ್ಲ, ಇನ್ನು ಯಾವ ಮದುವೆಗೂ ಅದನ್ನು ಕರೆಯುವುದಿಲ್ಲ ಎಂದು ಸಮಾಧಾನಪಟ್ಟುಕೊಂಡ.

ತೂ ಅಜ್ಜಿ ಬಾಯಿತುಂಬ ಮಿಠಾಯಿ ಹಾಕಿಕೊಂಡು ಒಳಗೆ ಬಂದಳು. "ಕುವಾಂಗ, ಇಂಥಾ ಮದುವೆ ಈ ಗಲ್ಲಿ ನೋಡಿರಲಿಲ್ಲ ಕಣೋ. ಒಬ್ಬರಿಗೂ ಕಾಣಿಕೆ ತಪ್ಪಲಿಲ್ಲ! ಮುಂದಿನ ತಿಂಗಳು ನನ್ನ ಮೊಮ್ಮಗನ ಮದುವೆಗೂ ನೀನೇ ಬರಬೇಕು."

"ಅದಕ್ಕೇನಜ್ಜಿ! ಟ್ಯಾಕ್ಸಿ ಇವತ್ತೇ ತೊಳೆದಿಡ್ತೀನಿ."

"ಟ್ಯಾಕ್ಸಿ ಯಾರಿಗೆ ಬೇಕೋ? ನೀನು ಬಂಪರಲ್ಲಿ ಮೊಣಕಾಲು ತಿವಿಯೋನು. ಆ ಬಿಳೀ ಕಾರು ಪಾಪ, ಎಲ್ಲರಿಗೂ ನಿಲ್ಲುತ್ತೆ. ಆದರೆ ಅದಕ್ಕೆ ಕೈಯಿಲ್ಲವಲ್ಲ, ಮಿಠಾಯಿ ಹಂಚೋಕೆ ಹಿಂದೆ ಕೂರೋರು ಒಬ್ಬರು ಬೇಕು."

"ನಮ್ಮ ಮನೆ ಮದುವೆಗೂ ಕುವಾಂಗಣ್ಣನೇ" ಎಂದ ಬಾಗಿಲಲ್ಲಿ ನಿಂತಿದ್ದ ಪಾನ್. "ಆ ಟೋಪಿ ಎಸೀಬೇಡಿ ಅಣ್ಣ, ಚೆನ್ನಾಗಿ ಒಪ್ಪುತ್ತೆ."

ಕುವಾಂಗ್ ಹೆಂಡತಿಯ ಮುಖ ನೋಡಿದ. ಗ್ವಿಲಾನ್ ಅವನ ಟ್ಯಾಕ್ಸಿಯ ಕೀಲಿಕೈಯನ್ನು ಜೇಬಿಲ್ಲದ ಹೊಸ ಅಂಗಿಯಲ್ಲಿ ಎಲ್ಲಿಡುವುದೆಂದು ತಿಳಿಯದೆ ಕಪಾಟಿನೊಳಗೆ ಹಾಕಿ ಬಾಗಿಲು ಮುಚ್ಚುತ್ತಿದ್ದಳು.

ಅಷ್ಟರಲ್ಲಿ ದಾಲಿ ಅವನ ಮುಂದೆ ಅದೇ ಬಟ್ಟಲು ಇಟ್ಟು ತುಳುಕುವಂತೆ ತುಂಬಿಸಿದ.

"ಈಗ ಧಾರಾಳವಾಗಿ ಕುಡೀರಿ ಭಾವ. ಇನ್ನು ಮೇಲೆ ನೀವು ಗಾಡಿ ಓಡಿಸೋ ಹಾಗಿಲ್ಲವಲ್ಲ!"