ಬೀಗರೂಟ ದಾಟಿದ ಜೆಟ್ಟು

ಜಕ್ಕೂರಿನ ಹಳೇ ಊರಲ್ಲಿ ಬೀದಿಗೆ ಅಡ್ಡಲಾಗಿ ಶಾಮಿಯಾನ ಹಾಕಿದರೆಂದರೆ ಮುಗಿಯಿತು, ಬಸ್ ಸ್ಟಾಪಿಗೆ ಹೋಗುವವನು ಅದರೊಳಗೆ ಹಾದೇ ಹೋಗಬೇಕು. ಅವತ್ತು ಮುನಿಯಣ್ಣನ ಮಗಳ ಬೀಗರೂಟ. ಅವತ್ತೇ ಮಧ್ಯಾಹ್ನ ಬಾಲರಾಜುವಿಗೆ ಆರ್.ಟಿ. ನಗರದ ಕಾಲೇಜೊಂದರಲ್ಲಿ ಇಂಟರ್‌ವ್ಯೂ. ಫಿಸಿಕ್ಸ್ ಮೇಷ್ಟರ ಒಂದೇ ಒಂದು ಹುದ್ದೆ. ಪಿಎಚ್‌ಡಿ ಮುಗಿಸಿ ಮನೆಯಲ್ಲಿ ಕೂತವನಿಗೆ ಇದೂ ಕೈತಪ್ಪಿದರೆ ಟ್ಯೂಷನ್ನೇ ಗತಿ.

ತಲೆ ಬಗ್ಗಿಸಿ ಒಂದೇ ಉಸಿರಿಗೆ ನುಗ್ಗಿದರೆ ದಾಟಿಬಿಡಬಹುದು ಅಂದುಕೊಂಡ. ಪಾಪ, ಓದಿದವರ ಲೆಕ್ಕಾಚಾರ.

ನಾಲ್ಕು ಹೆಜ್ಜೆ ಹಾಕುವಷ್ಟರಲ್ಲಿ ದೊಡ್ಡಮ್ಮ ಪಟಾಲಮ್ಮ ರಟ್ಟೆ ಹಿಡಿದಳು. ಅವತ್ತಿನ ಅಡುಗೆಯೆಲ್ಲ ಅವಳದೇ.

"ಎಲ್ಲಿಗ್ಲಾ ಓಡ್ತಿದ್ದೀಯ?"

"ಇಂಟರ್‌ವ್ಯೂ ಐತೆ ದೊಡ್ಡಮ್ಮ, ಬಿಡು."

"ಬೀಗ್ರ ಎದ್ರುಗೇ ಉಣ್ದೆ ಒಂಟೋದ್ರೆ ನಮ್ಮ ಮಾನ ಉಳೀತದಾ? ಎರಡು ತುತ್ತು ಉಂಡ್ಬುಟ್ಟು ಓಗು."

ಎರಡು ತುತ್ತು ಎರಡು ಮುದ್ದೆಯಾಯಿತು. ಕೈ ತೊಳೆದವನನ್ನು ಮುನಿಯಣ್ಣ ಬೀಗರ ಮುಂದೆ ಎಳೆದೊಯ್ದು, "ನಮ್ಮುಡ್ಗ, ಸೈಂಟಿಸ್ಟು" ಅಂದ. ಬೀಗರು ಹಿಗ್ಗಿ, ಚಾರ್ಜ್ ಆಗದ ಫೋನು ತೆಗೆದು ಕೈಗಿಟ್ಟರು. ಅದನ್ನು ಬಿಡಿಸಿಕೊಂಡರೆ ಇನ್ಯಾರೋ ಸಾರಿನ ಬಕೆಟ್ಟು ಕೊಟ್ಟು, "ಒಂದು ಪಂಕ್ತಿ ಬಡಿಸ್ಬಿಡು ಮಗಾ" ಅಂದರು. ಆಚೆ ತುದಿಯಲ್ಲಿ ಹೊರಬಿದ್ದಾಗ ಅಂಗಿಯ ಮೇಲೆಲ್ಲ ಸಾರು, ಕಾಲಲ್ಲಿ ಕಸುವಿಲ್ಲ.

ಕಾಲೇಜಿನಲ್ಲಿ ಪ್ರಿನ್ಸಿಪಾಲ್ ಫಖ್ರುನ್ನೀಸಾ ಮೇಡಂ ಒಬ್ಬರೇ ಕೂತಿದ್ದರು. ಅವರೂ ಫಿಸಿಕ್ಸ್ ಓದಿದವರೇ.

"ಯಾಕ್ರೀ ಇಷ್ಟು ಲೇಟು? ನಿಮ್ ರಿಸರ್ಚ್ ಏನು? ಎರಡೂ ಬೇಗ ಹೇಳಿ."

"ಎರಡೂ ಒಂದೇ ಮೇಡಂ," ಅಂದ ಬಾಲರಾಜು. "ಸೀಸದ ಪರಮಾಣುಗಳ ಬೀಜಗಳನ್ನ ಜೋರಾಗಿ ಡಿಕ್ಕಿ ಹೊಡೆಸಿದ್ರೆ, ಒಂದು ಗಳಿಗೆ ಕುದಿಯೋ ಸಾರಿನಂಥದ್ದು ಹುಟ್ಟುತ್ತೆ. ಅದ್ರೊಳಗಿಂದ ಜೋಡಿಯಾಗಿ, ಎದುರುಬದುರು ದಿಕ್ಕಿಗೆ ಚಿಮ್ಮೋ ಕಣಗಳ ಗುಂಪೇ ಜೆಟ್ಟು. ಅಂಚಲ್ಲಿ ಹುಟ್ಟಿ ಹೊರಗಡೆ ಹೊರಟಿದ್ದು ಆರಾಮಾಗಿ ಪಾರಾಗುತ್ತೆ. ಅದರ ಜೋಡಿ ಸಾರಿನ ನಡುವೆ ನುಗ್ಗುತ್ತೆ. ಸಿಕ್ಕಿದ್ದೆಲ್ಲ ಅದನ್ನ ಎಳೆದಾಡಿ ಸುಸ್ತು ಮಾಡುತ್ತೆ. ಇವತ್ತು ಆ ಜೆಟ್ಟು ನಾನೇ. ಬೀಗರೂಟ ದಾಟ್ಕೊಂಡು ಬಂದೆ."

ಮೇಡಂ ಕಣ್ಣಲ್ಲಿ ನೀರು ಬರುವಷ್ಟು ನಕ್ಕರು. "ಕಳ್ಕೊಂಡ ಶಕ್ತಿ ಎಲ್ಲಿಗೆ ಹೋಗುತ್ತೆ?"

"ಸಾರಿಗೇ ಸೇರುತ್ತೆ ಮೇಡಂ, ಅದನ್ನೇ ಬಿಸಿ ಮಾಡುತ್ತೆ."

ಮೇಡಂ ತಲೆದೂಗಿದರು. ಕೆಲಸ ಸಿಕ್ಕೇಬಿಟ್ಟಿತು ಅಂತ ಬಾಲರಾಜುವಿನ ಎದೆ ಹಿಗ್ಗಿತು. ಅಷ್ಟರಲ್ಲಿ ಬಾಗಿಲು ತಳ್ಳಿಕೊಂಡು ಪಟಾಲಮ್ಮ ಬಂದಳು. ಹಿಂದೆ ಮುನಿಯಣ್ಣ, ಬೀಗರು, ಒಂದು ಟೆಂಪೋ ಜನ, ಹೊತ್ತು ತಂದ ಪಾತ್ರೆಗಳು.

"ನಮ್ಮಿಂದ್ಲೇ ಮಗ ಲೇಟಾದ, ತಪ್ಪು ನಮ್ದು ಕಣವ್ವ. ಮೊದ್ಲು ಉಣ್ಣು, ಆಮೇಲೆ ಬೈಯುವಂತೆ. ಮಟನ್ನು ಮುದಸ್ಸಿರ್ ಸಾಬ್ರ ಅಂಗ್ಡೀದು, ಹಲಾಲೇ."

ಬಾಲರಾಜುವಿಗೆ ನೆಲ ಬಾಯಿಬಿಡಬಾರದೇ ಅನ್ನಿಸಿತು. ಮೇಡಂ ಉಂಡರು. ವಾಸನೆ ಹಿಡಿದು ಬಂದ ಮೇಷ್ಟರುಗಳೂ ಉಂಡರು. ಎರಡನೇ ಸಲ ಸಾರು ಕೇಳಿದವರೂ ಇದ್ದರು.

ಮೇಡಂ ಕೈ ಒರೆಸಿಕೊಂಡು ಹೇಳಿದರು: "ಬಾಲರಾಜು, ಪಾಠ ಅಂದ್ರೆ ಹಿಂಗಿರ್ಬೇಕು. ಆದ್ರೆ ಕೆಲಸ ಟೈಮಿಗೆ ಬಂದ ಮೋನಿಕಾ ಅನ್ನೋ ಹುಡುಗಿಗೆ ಆಗ್ಲೇ ಕೊಟ್ಟಾಯ್ತು. ಬಿಸಿಲಲ್ಲಿ ಬಂದಿದ್ರಿ, ಹಂಗೇ ಕಳಿಸೋಕೆ ಮನಸ್ಸಾಗ್ದೆ ಮಾತಾಡಿಸ್ದೆ ಅಷ್ಟೇ."

ಬಾಲರಾಜುವಿನ ಮುಖ ಬಾಡಿತು.

"ಬೇಜಾರಾಗ್ಬೇಡಿ. ನಮ್ ಕ್ಯಾಂಟೀನು ನಡೆಸೋರಿಲ್ದೆ ಮುಚ್ಚಿದೆ. ಸೋಮವಾರದಿಂದ ನಿಮ್ ದೊಡ್ಡಮ್ಮ ನಡೆಸ್ಲಿ."

ಪಟಾಲಮ್ಮ ಆನಂದಕ್ಕೆ ಬಾಲರಾಜುವನ್ನು ಬಾಚಿ ತಬ್ಬಿಕೊಂಡಳು.

"ಮನೇಲಿ ಸುಮ್ಕೆ ಕುಂತಿದ್ದೀಯಲ್ಲ, ನೀನೂ ಬಂದ್ಬುಡು ಮಗ. ಲೋಟ ತೊಳೆಯಕ್ಕೆ ನಂಬಿಕಸ್ತ ಆಳು ಸಿಗಾಕಿಲ್ಲ."