ಒಂದೇ ಒಂದು ‘ಅ’

ರಸ್ತೆ ತಡೆ, ರೈಲು ತಡೆ, ಕಚೇರಿಗೆ ಬೀಗ, ಇಷ್ಟೆಲ್ಲ ಮಾಡಿ ಮುಗಿಸಿದ ನನಗೆ ಊಟದ ಡಬ್ಬಿಯಷ್ಟಿರುವ ಒಂದು ಪೆಟ್ಟಿಗೆ ಯಾವ ಲೆಕ್ಕ! ಸಕ್ಕರೆ ಕಾಯಿಲೆಯಿಂದ ಕಣ್ಣು ಕೈಕೊಟ್ಟ ಮೇಲೆ ಕೈಯನ್ನೇ ಕಣ್ಣು ಮಾಡಿಕೊಂಡವನು ನಾನು; ಎರಡು ವರ್ಷ ಕೂತು ಬ್ರೈಲ್ ಕಲಿತಿದ್ದೆ. ಮಗಳು ಸ್ವಾತಿ ತಂದುಕೊಟ್ಟ ಈ ಪೆಟ್ಟಿಗೆಯ ಮೈಮೇಲೆ ಸಣ್ಣ ಚುಕ್ಕಿಗಳು ತಾವಾಗಿಯೇ ಏಳುತ್ತವೆ, ಮುಳುಗುತ್ತವೆ. ಬೆರಳಾಡಿಸಿದರೆ ಒಂದೊಂದೇ ಸಾಲು ಓದಬಹುದು. ಕಾಗದ ಬೇಡ, ಕಿವಿಯಲ್ಲಿ ಊದುವವರು ಬೇಡ. ಗುರುವಾರ ಬೇಲೂರಿನ ಪ್ರತಿಭಟನೆಯಲ್ಲಿ ಮನವಿ ಓದುವವನು ನಾನೇ ಎಂದು ರೈತ ಸಂಘದಲ್ಲಿ ಘೋಷಿಸಿಬಿಟ್ಟೆ.

ಸಂಘದವರಿಗೆ ನನ್ನ ಕಣ್ಣಿನ ಚಿಂತೆ ಇರಲಿಲ್ಲ, ಬಾಯಿಯ ಚಿಂತೆ ಇತ್ತು. ಹಿಂದಿನ ಸಲ ಕೆರೆ ಹೂಳಿನ ಬಗ್ಗೆ ಮಾತಾಡಲು ನಿಂತವನು ಜಾಗತೀಕರಣ ದಾಟಿ ಚಂದ್ರಲೋಕದ ತನಕ ಹೋಗಿದ್ದೆ. ವಾಪಸು ಬರುವಷ್ಟರಲ್ಲಿ ಅಧಿಕಾರಿಗಳು ಊಟಕ್ಕೆ ಹೋಗಿದ್ದರು. ಅದಕ್ಕೇ ಕಾರ್ಯದರ್ಶಿ ಮರುಳಪ್ಪ ಷರತ್ತು ಹಾಕಿದ.

“ಬರ್ದಿರೋದಷ್ಟೇ ಓದ್ಬೇಕು ಕಣಣ್ಣ. ಒಂದಕ್ಷರ ಹೆಚ್ಗೆ ಆಯ್ತೋ, ಮುಂದ್ಲ ಸಲದಿಂದ ಮೈಕು ನನ್ ಕೈಗೆ.”

ಮೈಕು ಹೋದರೆ ನನಗೆ ಉಳಿಯುವುದು ಹಸಿರು ಟವೆಲ್ಲು ಮತ್ತು ಸಕ್ಕರೆ ಕಾಯಿಲೆ, ಎರಡೇ. ಒಪ್ಪಿಕೊಂಡೆ.

ಬುಧವಾರ ಬೆಳಿಗ್ಗೆ ತಾಲೀಮು. ಸ್ವಾತಿ ಮನವಿಯನ್ನು ಪೆಟ್ಟಿಗೆಗೆ ತುಂಬಿಸಿ, ಗುಂಡಿಗಳ ವಿದ್ಯೆಯನ್ನು ಅವಳಮ್ಮನಿಗೆ ಕಲಿಸಿ ಅರಸೀಕೆರೆಗೆ ಹೋಗಿದ್ದಳು. ಹಾಗಾಗಿ ನನ್ನ ಗುರು ನನ್ನ ಹೆಂಡತಿ ಶಿವಗಂಗಮ್ಮ. ಪೆಟ್ಟಿಗೆಯಲ್ಲಿ ಸಾಲಾಗಿ ಆರು ಗುಂಡಿ, ಅವುಗಳ ಕೆಳಗೆ ಉದ್ದನೆಯದೊಂದು. ಉದ್ದ ಗುಂಡಿಯ ಜೊತೆ ಬಲ ತೋರುಬೆರಳಿನ ಗುಂಡಿ ಒತ್ತಿದರೆ ಮುಂದಿನ ಸಾಲು. ಎಡ ತೋರುಬೆರಳಿನದು ಒತ್ತಿದರೆ ಹಿಂದಿನ ಸಾಲು.

“ಎಡ ಅಂದ್ರೆ ಹಿಂದಕ್ಕೆ, ಬಲ ಅಂದ್ರೆ ಮುಂದಕ್ಕಾ? ಇದನ್ನ ಮಾಡ್ದೋನು ನಮ್ ಎಡಪಂಥದ ಕಡೆಯೋನಲ್ಲ ಕಣೇ,” ಎಂದೆ.

“ನಿಮ್ ಕಡೆಯೋರು ಮಾಡಿದ್ರೆ ಅದಿನ್ನೂ ಸಮಿತೀಲೇ ಕೊಳೀತಿತ್ತು. ಎರಡೂ ಗುಂಡಿ ಒಟ್ಟಿಗೆ ಒತ್ರೀ. ಬಿಡಿಬಿಡಿಯಾಗಿ ಒತ್ತಿದ್ರೆ ಅಕ್ಷರ ಬೀಳ್ತೈತೆ. ಬರೆಯೋ ಗುಂಡೀನೂ ಅವೇ.”

ಬಲಗೈ ಪಾಠ ಒಪ್ಪಿತು. ಎಡ ತೋರುಬೆರಳು ಹಳೆಯದೊಂದು ರೈಲು ತಡೆಯಲ್ಲಿ ಮುರಿದು ಕೂಡಿಕೊಂಡದ್ದು. ಮುಖ್ಯ ಅತಿಥಿಯ ಹಾಗೆ ಯಾವಾಗಲೂ ತಡವಾಗಿಯೇ ಬರುತ್ತದೆ. ಹೆಬ್ಬೆರಳು ಉದ್ದ ಗುಂಡಿಯನ್ನು ಒತ್ತಿ ಬಿಟ್ಟ ಮೇಲೆ ಇದು ನಿಧಾನಕ್ಕೆ ಬಂದು ತನ್ನ ಗುಂಡಿಯ ಮೇಲೆ ಕೂರುತ್ತಿತ್ತು. ಪ್ರತಿ ಸಾಲಿನ ಆರಂಭದಲ್ಲೂ ಹಿಂದಕ್ಕೆ ಹೋಗಲು ನೋಡಿದೆ, ಆಗಲಿಲ್ಲ. ಹಿಂದೆ ಹೋಗುವುದು ನಮ್ಮ ಜಾಯಮಾನವಲ್ಲ ಎಂದುಕೊಂಡು ಬಲಗೈಯಲ್ಲಿ ಮುಂದಿನ ಸಾಲಿಗೆ ನುಗ್ಗಿದೆ. ಮನವಿ ಹೇಗೂ ಬಾಯಿಪಾಠವಾಗಿತ್ತು. ಏನು ಮೂಡಿದೆ ಎಂದು ಬೆರಳಾಡಿಸಿ ನೋಡುವ ಗೋಜಿಗೆ ಹೋಗಲಿಲ್ಲ. ಎಲ್ಲ ಸರಿ ಇದೆಯೇ ಎಂದು ಶಿವಗಂಗಮ್ಮ ಅಡುಗೆಮನೆಯಿಂದ ಕೇಳಿದಾಗ, ಕ್ರಾಂತಿ ಸಿದ್ಧವಾಗಿದೆ ಎಂದೆ.

ಗುರುವಾರ ತಾಲ್ಲೂಕು ಕಚೇರಿಯ ಮುಂದೆ ಇನ್ನೂರು ಜನ. ಬೇಡಿಕೆ ಒಂದೇ: ಬೆಳಗಿನ ಬಸ್ಸು ನಮ್ಮೂರ ಗೇಟಿನಲ್ಲಿ ನಿಲ್ಲಬೇಕು. ತಹಶೀಲ್ದಾರರು ಹೊಸದಾಗಿ ಬಂದ ಹೆಣ್ಣುಮಗಳು. ಮರ್ಯಾದೆಯಿಂದ ಮೆಟ್ಟಿಲ ಮೇಲೆ ಬಂದು ನಿಂತರು. ಬೆರಳು ಹೇಳಿದ್ದನ್ನಷ್ಟೇ ಬಾಯಿ ಹೇಳಬೇಕು, ಒಂದಕ್ಷರ ಹೆಚ್ಚಾಗಬಾರದು ಎಂದು ಶಪಥ ಮಾಡಿ ಮೊದಲ ಸಾಲು ಓದಿದೆ.

“ಅಮಾನ್ಯ ತಹಶೀಲ್ದಾರರೇ.”

ಯಾರೋ ಕೆಮ್ಮಿದರು. ನನಗೂ ಏನೋ ಕಸಿವಿಸಿಯಾಯಿತು. ಆದರೆ ಷರತ್ತು ಷರತ್ತೇ. ಮುಂದಿನ ಸಾಲಿಗೆ ಹೋದೆ.

“ಅಶಾಂತಿಯುತವಾಗಿ ಇಲ್ಲಿ ಸೇರಿದ್ದೇವೆ.”

ಪೊಲೀಸರ ಬೂಟುಗಳು ಒಂದು ಹೆಜ್ಜೆ ಮುಂದೆ ಬಂದ ಸದ್ದು ಕೇಳಿತು. ಆಗ ಹೊಳೆಯಿತು ನೋಡಿ! ಬ್ರೈಲಿನಲ್ಲಿ ಎಡ ತೋರುಬೆರಳಿನ ಗುಂಡಿಯೊಂದನ್ನೇ ಒತ್ತಿದರೆ ಬೀಳುವ ಅಕ್ಷರ ‘ಅ’. ನಿನ್ನೆ ಕೂತು ಪ್ರತಿ ಸಾಲಿನ ತಲೆಗೂ ತೆಂಗಿನ ಸಸಿ ನೆಟ್ಟ ಹಾಗೆ ಒಂದೊಂದು ‘ಅ’ ನೆಟ್ಟಿದ್ದೆ. ತಿದ್ದಬೇಕೆಂದರೆ ಹಿಂದಕ್ಕೆ ಹೋಗಬೇಕು. ಹಿಂದಕ್ಕೆ ಹೋಗಲು ಅದೇ ಮುರುಕು ಬೆರಳು ಬೇಕು. ಒತ್ತಿದೆ. ಇನ್ನೊಂದು ‘ಅ’ ಬಿತ್ತು. ಗಾಬರಿಯಲ್ಲಿ ಬಲಗೈ ಮುಂದಿನ ಸಾಲಿಗೆ ಹಾರಿತು, ನಲವತ್ತು ವರ್ಷ ಪಳಗಿದ ಬಾಯಿ ಬೆರಳಿಗೆ ಸಿಕ್ಕಿದ್ದನ್ನು ಗರ್ಜಿಸಿಯೇ ಬಿಟ್ಟಿತು.

“ಅನ್ಯಾಯ ಬೇಕು!”

ನಾನು ಕೂಗಿದ್ದನ್ನು ಹಿಂದೆಮುಂದೆ ನೋಡದೆ ಕೂಗಿ ಅಭ್ಯಾಸವಾದ ಇನ್ನೂರು ಜನ ಮುಷ್ಟಿ ಎತ್ತಿ ಮೂರು ಸಲ ಕೂಗಿದರು: “ಬೇಕೇ ಬೇಕು! ಅನ್ಯಾಯ ಬೇಕು!”

ಸದ್ದಡಗಿದ ಮೇಲೆ ತಹಶೀಲ್ದಾರರು ಗಂಟಲು ಸರಿಮಾಡಿಕೊಂಡರು. “ಯಜಮಾನ್ರೇ, ನಾನು ಕೆಲಸಕ್ಕೆ ಸೇರಿದ ಮೇಲೆ ಕೂಡಲೇ ಈಡೇರಿಸಬಹುದಾದ ಬೇಡಿಕೆ ಬಂದಿರೋದು ಇದೇ ಮೊದಲು,” ಎಂದರು. ಆಮೇಲೆ ನಗು ತಡೆಯುತ್ತ, ಬಸ್ಸಿನ ವಿಷಯ ಡಿಪೋಗೆ ಬರೆಯುತ್ತೇನೆಂದು ಮಾತು ಕೊಟ್ಟು ಒಳಗೆ ಹೋದರು.

ಮರುಳಪ್ಪ ಮೆಲ್ಲಗೆ ನನ್ನ ಕೈಯಿಂದ ಮೈಕು ಬಿಡಿಸಿಕೊಂಡ. “ಒಂದಕ್ಷರ ಅಂದಿದ್ದೆ. ಸಾಲಿಗೆ ಸರಿಯಾಗಿ ಒಂದೇ ಅಕ್ಷರ ಹೆಚ್ಗೆ ಓದಿದೀಯ ಕಣಣ್ಣ.”

ಮನೆಗೆ ಬಂದವನೇ ಪೆಟ್ಟಿಗೆಯನ್ನು ಬೈದೆ, ಅದನ್ನು ಮಾಡಿದವನನ್ನು ಬೈದೆ, ‘ಅ’ಕಾರವನ್ನೇ ಅಕ್ಷರಮಾಲೆಯಿಂದ ಕಿತ್ತುಹಾಕಲು ಧರಣಿ ಕೂರುತ್ತೇನೆಂದೆ. ಶಿವಗಂಗಮ್ಮ ಮುದ್ದೆ ಇಕ್ಕಿ, ಸಾರು ಬಿಟ್ಟು, ನನ್ನ ಮುರುಕು ಬೆರಳನ್ನು ಹಿಡಿದು ತಟ್ಟೆಯ ಅಂಚಿಗೆ ಮುಟ್ಟಿಸಿದಳು.

“ಒಗ್ಗಟ್ಟಾಗಿ, ಒಗ್ಗಟ್ಟಾಗಿ ಅಂತ ನಲವತ್ತು ವರ್ಷ ಜಿಲ್ಲೆಗೆಲ್ಲ ಬಾಯಿ ಬಡ್ಕಂಡ್ರಲ್ಲ,” ಎಂದಳು. “ಮೊದ್ಲು ನಿಮ್ಮವೇ ಎರಡು ಬೆರಳನ್ನ ಸಂಘಕ್ಕೆ ಸೇರಿಸ್ಕಳ್ರೀ.”